ಸಬ್ಸಿಡಿ ಕಳೆದು ರೇಟ್ ಹೇಳಬಹುದಾ? ಕಾರವಾರದ ಏಸಿ ಅಂಗಡಿಯವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಾರವಾರದಲ್ಲಿ ನನ್ನದೊಂದು ಏಸಿ ಅಂಗಡಿ ಇದೆ. ಮಾರಾಟ, ಫಿಟ್ಟಿಂಗ್, ಸರ್ವೀಸ್ ಮೂರೂ ಮಾಡುತ್ತೇವೆ. ನಮ್ಮ ಭಾವ ಶಿರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿಸಿಕೊಡುತ್ತಾರೆ. ಅಮೆರಿಕದಲ್ಲಿ ಮನೆಯವರಿಗೆ ಸಿಗುವ ರಿಬೇಟ್ ಮುಂದಿಟ್ಟುಕೊಂಡೇ ಕಾಂಟ್ರಾಕ್ಟರುಗಳು ಹೀಟಿಂಗ್, ಕೂಲಿಂಗ್ ಮಶೀನು ಮಾರುತ್ತಾರೆ ಅಂತ ವಿಡಿಯೋದಲ್ಲಿ ನೋಡಿದೆ. ನಮ್ಮ ಕಡೆ ಹಾಗೆ ಮಾಡಲು ಏನಾದರೂ ಇದೆಯಾ? ಗಿರಾಕಿಗೆ ಸಬ್ಸಿಡಿ ಕಳೆದೇ ರೇಟ್ ಹೇಳಬಹುದಾ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಕಳೆದು ಹೇಳಬೇಡಿ. ಪೂರ್ತಿ ರೇಟ್ ಹೇಳಿ, ಸಬ್ಸಿಡಿ ಎಷ್ಟು, ಯಾರ ಖಾತೆಗೆ, ಯಾವಾಗ ಬರುತ್ತದೆ ಎಂಬುದನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆದುಕೊಡಿ. ಇವತ್ತು ನೀವು ಕಳೆದುಕೊಟ್ಟ ದುಡ್ಡು ಸರ್ಕಾರದಿಂದ ಬರುವುದು ಗಿರಾಕಿಯ ಖಾತೆಗೆ, ನಿಮ್ಮ ಖಾತೆಗಲ್ಲ. ಬಂದ ಮೇಲೆ ಅವರು ನಿಮಗೆ ತಂದು ಕೊಡಬೇಕು. ಅಂದರೆ ನೀವು ಮಾಡಿದ್ದು ಉದ್ರಿ ವ್ಯಾಪಾರ, ಹೆಸರು ಮಾತ್ರ ಸಬ್ಸಿಡಿ. ಅಂಗಡಿ ನಡೆಸುವವರಿಗೆ ಉದ್ರಿ ವಸೂಲಿಯ ಕಥೆ ನಾನು ಹೇಳಬೇಕಾಗಿಲ್ಲ.

ಅಮೆರಿಕದ ವಿಷಯ ಸ್ವಲ್ಪ ಹೇಳಿ ಮುಂದೆ ಹೋಗೋಣ. ಅಲ್ಲಿ 2022ರ ಆಗಸ್ಟ್‌ನಲ್ಲಿ ಬಂದ ಕಾನೂನಿನಲ್ಲಿ ಎರಡು ಬಗೆಯ ಸಹಾಯ ಇತ್ತು. ಒಂದು, ತೆರಿಗೆಯಲ್ಲಿ ರಿಯಾಯಿತಿ. ಹೀಟ್ ಪಂಪ್ (ಏಸಿಯ ಹಾಗೆಯೇ ಕೆಲಸ ಮಾಡಿ ಮನೆಯನ್ನು ಬೆಚ್ಚಗೂ ತಣ್ಣಗೂ ಮಾಡುವ ಮಶೀನು) ಹಾಕಿಸಿದರೆ ಖರ್ಚಿನ ಶೇ. 30, ಹೆಚ್ಚೆಂದರೆ 2,000 ಡಾಲರ್. ಇನ್ನೊಂದು, ಕಡಿಮೆ ಮತ್ತು ಮಧ್ಯಮ ಆದಾಯದ ಮನೆಗಳಿಗೆ ರಾಜ್ಯಗಳ ಮೂಲಕ ಕೊಡುವ ರಿಬೇಟ್. ಹೀಟ್ ಪಂಪಿಗೆ 8,000 ಡಾಲರ್‌ವರೆಗೆ. ಇದನ್ನು ಬಿಲ್ಲಿನಲ್ಲೇ ಕಳೆಯುತ್ತಾರೆ. ವಿಡಿಯೋದಲ್ಲಿ ನೀವು ನೋಡಿದ್ದು ಬಹುಶಃ ಇದನ್ನೇ. ಆದರೆ ಬಿಲ್ಲಿನಲ್ಲಿ ಕಳೆದುಕೊಟ್ಟ ಕಾಂಟ್ರಾಕ್ಟರ್ ಆಮೇಲೆ ಆ ದುಡ್ಡಿಗೆ ಸರ್ಕಾರದ ಕಡೆ ಕಾಯುತ್ತಾ ಕೂರಬೇಕು. ಆ ಭಾಗ ವಿಡಿಯೋದಲ್ಲಿ ಇರೋದಿಲ್ಲ. ತೆರಿಗೆ ರಿಯಾಯಿತಿಯಂತೂ 2025ರ ಡಿಸೆಂಬರ್ 31ಕ್ಕೇ ಮುಗಿಯಿತು. ಹಾಗಾಗಿ ಹಳೇ ವಿಡಿಯೋದ ಅರ್ಧ ಮಾತು ಈಗ ಅಲ್ಲೇ ನಡೆಯಲ್ಲ.

ನಮ್ಮಲ್ಲಿ ಏನಿದೆ? ಏಸಿಗೆ ಅಂತ ಸರ್ಕಾರದ ಸಬ್ಸಿಡಿ ಮನೆಯವರಿಗೆ ಇಲ್ಲ. ಸೋಲಾರ್ ವಾಟರ್ ಹೀಟರಿಗೆ ಒಂದು ಕಾಲದಲ್ಲಿ ಕೇಂದ್ರದ ಸಬ್ಸಿಡಿ ಇತ್ತು, ಅದು ನಿಂತು ಹತ್ತು ವರ್ಷ ದಾಟಿತು. ಈಗಲೂ ಕೆಲವರು ಕೇಳುತ್ತಾರೆ, ನಿಮ್ಮ ಭಾವನಿಗೆ ಗೊತ್ತಿರುತ್ತದೆ. ಹೀಟರ್ ಇರುವ ಮನೆಗೆ ಕರೆಂಟ್ ಬಿಲ್ಲಿನಲ್ಲಿ ಯುನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಅಂತ ಇದೆ. ಅದನ್ನು ಹೇಳಿ, ಆದರೆ ಅದನ್ನೇ ನೆಚ್ಚಿಕೊಂಡು ಮಾರಲು ಹೋಗಬೇಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಆ 50 ರೂಪಾಯಿ ಲೆಕ್ಕಕ್ಕೇ ಬರಲ್ಲ.

ಜಿಎಸ್‌ಟಿ ಇಳಿಕೆಯನ್ನೂ ಜನ ಸಬ್ಸಿಡಿ ಅಂತಲೇ ತಿಳಿಯುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಏಸಿ ಶೇ. 28ರಿಂದ 18ಕ್ಕೆ ಬಂತು. ಸೋಲಾರ್ ವಾಟರ್ ಹೀಟರ್, ಸೋಲಾರ್ ಪ್ಯಾನೆಲ್ ಶೇ. 12ರಿಂದ 5ಕ್ಕೆ ಬಂತು. ಮೊದಲು ತೆರಿಗೆ ಸೇರಿ 40,000 ಇದ್ದ ಏಸಿ, ಕಂಪನಿ ಮೂಲ ಬೆಲೆ ಏರಿಸದೇ ಇದ್ದರೆ, 36,875ಕ್ಕೆ ಸಿಗಬೇಕು. ಇದು ಎಲ್ಲ ಅಂಗಡಿಯಲ್ಲೂ ಒಂದೇ. ನಿಮ್ಮ ವಿಶೇಷ ಆಫರ್ ಅಂತ ಬೋರ್ಡ್ ಹಾಕಿದರೆ ಗಿರಾಕಿ ನಗುತ್ತಾರೆ.

ಇನ್ನು ದೊಡ್ಡ ಮೊತ್ತದ ಸಬ್ಸಿಡಿ ಅಂದರೆ ಒಂದೇ, ಪಿಎಂ ಸೂರ್ಯಘರ್. 2024ರ ಫೆಬ್ರವರಿಯಲ್ಲಿ ಶುರುವಾಯಿತು, ಗುರಿ ಒಂದು ಕೋಟಿ ಮನೆ, 2026-27ರವರೆಗೆ ಅವಧಿ. ಮನೆಯ ಮೇಲೆ 1 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 30,000, 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000 ರೂಪಾಯಿ. ಇದು ಏಸಿಗೆ ಸಿಗುವ ದುಡ್ಡಲ್ಲ ನಿಜ. ಆದರೆ ಏಸಿ ಬೇಡ ಅನ್ನುವವರಲ್ಲಿ ಮಶೀನಿನ ಬೆಲೆಗೆ ಹೆದರುವವರು ಕಡಿಮೆ, ಬಿಲ್ಲಿಗೆ ಹೆದರುವವರೇ ಜಾಸ್ತಿ. ಆ ಹೆದರಿಕೆಗೆ ಇದು ಮದ್ದು. ಬೆಡ್‌ರೂಮಿಗೊಂದು, ಹಾಲಿಗೊಂದು ಏಸಿ ಬೇಕು, ಬಿಲ್ಲು ನೆನೆಸಿಕೊಂಡರೆ ಬೇಡ ಅನ್ನಿಸುತ್ತೆ ಅನ್ನುವ ಮನೆಗೆ ಏಸಿ, ಸೋಲಾರ್ ಎರಡನ್ನೂ ಸೇರಿಸಿ ಒಂದೇ ಕೊಟೇಶನ್ ಕೊಡಬಹುದು. ಅದಕ್ಕೆ ಈ ಯೋಜನೆಯಲ್ಲಿ ನೀವೇ ನೋಂದಾಯಿತ ವೆಂಡರ್ ಆಗಬೇಕು, ಇಲ್ಲವೇ ಈಗಾಗಲೇ ಆಗಿರುವವರ ಜೊತೆ ಸೇರಿ ಕೆಲಸ ಮಾಡಬೇಕು. ಸಣ್ಣ ಅಂಗಡಿಗೆ ಶುರುವಿನಲ್ಲಿ ಎರಡನೆಯದೇ ಸರಿ. ಪ್ಯಾನೆಲ್ ಹಾಕಿದ ಮೇಲೆ ಐದು ವರ್ಷ ನಿರ್ವಹಣೆ ನೋಡಿಕೊಳ್ಳುವ ಹೊಣೆ ವೆಂಡರಿನ ಮೇಲಿರುತ್ತದೆ, ಅದಕ್ಕೆ ಆಳು ಬೇಕು.

ಕೊಟೇಶನ್ ಹೀಗಿರಲಿ. 3 ಕಿಲೋವ್ಯಾಟಿಗೆ ಒಟ್ಟು 2,00,000 ಆಗುತ್ತದೆ ಅಂತ ಇಟ್ಟುಕೊಳ್ಳಿ. "ನೀವು ನಮಗೆ ಕೊಡಬೇಕಾದ್ದು 2,00,000. ಮೀಟರ್ ಕೂರಿಸಿ ಪ್ಲಾಂಟ್ ಚಾಲೂ ಆದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಸರ್ಕಾರದಿಂದ ನೇರವಾಗಿ ಬರುವುದು 78,000. ಕೊನೆಗೆ ನಿಮ್ಮ ಕೈಯಿಂದ ಹೋಗಿದ್ದು 1,22,000." ಈ ಮೂರು ಸಾಲು ಸಾಕು. ಅಷ್ಟೂ ದುಡ್ಡು ಒಮ್ಮೆಗೆ ಇಲ್ಲ ಅನ್ನುವವರಿಗೆ ಈ ಯೋಜನೆಯಲ್ಲೇ ಬ್ಯಾಂಕ್ ಸಾಲ ಇದೆ. 3 ಕಿಲೋವ್ಯಾಟ್‌ವರೆಗಿನ ಪ್ಲಾಂಟಿಗೆ 2 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಗಿರಾಕಿ ಸಾಲ ತೆಗೆದರೆ ಕಾಯುವ ಭಾರ ಬ್ಯಾಂಕಿನ ಮೇಲೆ ಬೀಳುತ್ತದೆ, ನಿಮ್ಮ ಗಲ್ಲಾಪೆಟ್ಟಿಗೆಯ ಮೇಲಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಬ್ಸಿಡಿಯ ಮೊತ್ತ ಎಲ್ಲರಿಗೂ ಗೊತ್ತು. ಪೇಪರಿನಲ್ಲಿ ಬಂದಿದೆ, ಫೋನಿನಲ್ಲಿ ಬಂದಿದೆ. ಜನ ಹಿಂದೇಟು ಹಾಕುವುದು ಕಾಗದಪತ್ರದ ಕಿರಿಕಿರಿಗೆ. ಆ ಕಿರಿಕಿರಿಯನ್ನು ನೀವು ಹೊತ್ತರೆ ಅದೇ ನಿಮ್ಮ ಮಾರಾಟ. ಪಕ್ಕದ ಅಂಗಡಿಯವರು ಎರಡು ಸಾವಿರ ಕಡಿಮೆಗೆ ಕೊಟ್ಟರೂ ಗಿರಾಕಿ ನಿಮ್ಮ ಹತ್ತಿರ ಬರುವುದು ಇದಕ್ಕೇ.

ಕರಾವಳಿಯಲ್ಲಿ ಆ ಕಾಗದಪತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಗೊತ್ತಲ್ಲ? ಮೀಟರಿನ ಹೆಸರಿನಲ್ಲಿ. ಅಂಕೋಲಾ ಕಡೆಯ ಒಂದು ಹಳೇ ಮನೆ ಅಂತ ಅಂದುಕೊಳ್ಳಿ. ಹೆಸ್ಕಾಂನ ಕರೆಂಟ್ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೇ ಬರುತ್ತಿದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಮನೆಯಲ್ಲಿ ಇರುವವರು ಅಪ್ಪ, ಅಮ್ಮ. ದುಡ್ಡು ಹಾಕುವವನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಮಗ. ಅರ್ಜಿ ಹಾಕುವುದು ಬಿಲ್ಲಿನಲ್ಲಿರುವ ಆರ್.ಆರ್. ನಂಬರಿನ ಮೇಲೆ, ಸಬ್ಸಿಡಿ ಬರುವುದು ಬಿಲ್ಲಿನಲ್ಲಿ ಹೆಸರಿರುವವರ ಖಾತೆಗೆ. ಬಿಲ್ಲಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಅಲ್ಲಿಗೇ ನಿಂತಿತು. ಇನಿಶಿಯಲ್ ಹಿಂದುಮುಂದಾದರೂ ತಕರಾರು ಬರಬಹುದು. ಅದಕ್ಕೇ ಮೊದಲ ಭೇಟಿಯಲ್ಲಿ ಟೇಪು ಹಿಡಿದು ಟೆರೇಸಿಗೆ ಹತ್ತಬೇಡಿ. ಕುಳಿತು "ಒಂದು ಕರೆಂಟ್ ಬಿಲ್, ಒಂದು ಪಾಸ್‌ಬುಕ್ ತೋರಿಸಿ" ಅನ್ನಿ. ಹೆಸರು ಬೇರೆ ಇದ್ದರೆ ಮೊದಲು ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಹೆಸರು ಬದಲಾವಣೆ ಆಗಲಿ, ಆಮೇಲೆ ಸೂರ್ಯಘರ್. ಮರಣ ಪ್ರಮಾಣಪತ್ರ, ಮನೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಜೋಡಿಸಬೇಕು. ಅಣ್ಣ-ತಮ್ಮಂದಿರು ಮಾತು ಬಿಟ್ಟಿರುವ ಮನೆಯಾದರೆ ಆ ಆರ್ಡರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರನ್ನು ಒಂದು ಮಾಡುವುದು ಏಸಿ ಅಂಗಡಿಯ ಕೆಲಸ ಅಲ್ಲ.

ಇನ್ನೊಂದು, ಒಟಿಪಿ. ಅರ್ಜಿಗೆ ಗಿರಾಕಿಯ ಸ್ವಂತ ಮೊಬೈಲ್ ನಂಬರನ್ನೇ ಕೊಡಿಸಿ. ಕೆಲಸ ಬೇಗ ಆಗಲಿ ಅಂತ ಅಂಗಡಿಯ ಹುಡುಗನ ನಂಬರ್ ಹಾಕುವುದು ಬೇಡ. ನಾಳೆ ಆ ಹುಡುಗ ಕೆಲಸ ಬಿಟ್ಟರೆ ಅವರ ಅರ್ಜಿ ಅವರಿಗೇ ತೆರೆಯಲ್ಲ. ಅಪ್ಪನಿಗೆ ಫೋನ್ ಬಳಸಲು ಬರದೇ ಇದ್ದರೆ ಮಗ ಊರಿಗೆ ಬಂದಾಗ ಕೂರಿಸಿಕೊಂಡು ಮಾಡಿ. ಕೊಟೇಶನ್ನನ್ನೂ ಆ ಮಗನಿಗೇ ವಾಟ್ಸಾಪ್ ಮಾಡಿ, ತೀರ್ಮಾನ ಆಗುವುದು ಅಲ್ಲೇ.

ಪ್ಯಾನೆಲ್ ಬಗ್ಗೆ ಎರಡು ಎಚ್ಚರಿಕೆ. ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ ಮತ್ತು ಪ್ಯಾನೆಲ್ ಇರಬೇಕು, ಡಿಸಿಆರ್ ಅನ್ನುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಪ್ಯಾನೆಲ್ ಹಾಕಿಸಿದರೆ ಸಬ್ಸಿಡಿ ಹೋಯಿತು. ಎರಡನೆಯದು, ಮಾಮೂಲಿ ಗ್ರಿಡ್ ಸೋಲಾರ್, ಅಂದರೆ ಹೆಸ್ಕಾಂ ಲೈನಿಗೆ ಜೋಡಿಸಿದ್ದು, ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುವುದು. ಜೂನ್‌ನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವ ಜಿಲ್ಲೆ ನಮ್ಮದು. "ಸೋಲಾರ್ ಹಾಕಿಸಿದ ಮೇಲೂ ಕತ್ತಲೆಯಾ?" ಅಂತ ಗಿರಾಕಿ ಕೇಳುವ ಮೊದಲೇ ನೀವು ಹೇಳಿರಬೇಕು. ಮಳೆಗಾಲದಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ, ಅದನ್ನೂ ಹೇಳಿ. ತೆಂಗಿನ ಮರದ ನೆರಳು, ಹೆಂಚಿನ ಮಾಡು, ಮಳೆಗೆ ಅಂತ ಟೆರೇಸಿನ ಮೇಲೆ ಹಾಕಿದ ತಗಡಿನ ಶೀಟು, ಇವೆಲ್ಲ ಫಿಟ್ಟಿಂಗ್ ಖರ್ಚನ್ನು ಏರಿಸುತ್ತವೆ. ಮಾಡು ನೋಡದೆ ಫೋನಿನಲ್ಲಿ ರೇಟ್ ಹೇಳಬೇಡಿ.

ಸೋಲಾರ್ ಬೇಡ, ಏಸಿ ಮಾತ್ರ ಸಾಕು ಅನ್ನುವವರಿಗೆ? ಅವರಿಗೆ ತೋರಿಸಬೇಕಾದ್ದು ಗೃಹಜ್ಯೋತಿಯ ಲೆಕ್ಕ. ನಮ್ಮ ರಾಜ್ಯದಲ್ಲಿ ಮನೆಯವರ ಕೈಯಲ್ಲಿ ಈಗಾಗಲೇ ಇರುವ ರಿಬೇಟ್ ಅಂದರೆ ಅದು. ಏಸಿ ತಂದ ಮೇಲೆ ಅದು ಕೈತಪ್ಪಿ ಹೋಗದ ಹಾಗೆ ನೋಡಿಕೊಳ್ಳಿ. ನಿಯಮ ನಿಮಗೆ ಗೊತ್ತು. ತೀರಾ ಕಡಿಮೆ ಬಳಕೆಯ ಮನೆಗಳನ್ನು ಬಿಟ್ಟರೆ, 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಯುನಿಟ್ ಉಚಿತ. ಅದನ್ನು ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯುನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಈಗ ಏಸಿಯ ಮೇಲಿನ ಸ್ಟಾರ್ ಲೇಬಲ್ ನೋಡಿ. ಅದರಲ್ಲಿ ವರ್ಷಕ್ಕೆ ಎಷ್ಟು ಯುನಿಟ್ ಅಂತ ಬರೆದಿರುತ್ತಾರೆ. ಅದು 1,600 ಗಂಟೆಯ ಲೆಕ್ಕ. ಒಂದೂವರೆ ಟನ್ನಿನ ಎರಡು ಏಸಿ ಪಕ್ಕಪಕ್ಕ ಇವೆ ಅಂದುಕೊಳ್ಳಿ. ಒಂದರಲ್ಲಿ 1,000 ಯುನಿಟ್, ಇನ್ನೊಂದರಲ್ಲಿ 750 ಅಂತ ಇದೆ. ಏಪ್ರಿಲ್‌ನಲ್ಲಿ ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240 ಗಂಟೆ ಓಡಿದರೆ ಮೊದಲನೆಯದು 150 ಯುನಿಟ್ ತಿನ್ನುತ್ತದೆ, ಎರಡನೆಯದು ಸುಮಾರು 112. ಮನೆಯ ಮಾಮೂಲಿ ಬಳಕೆ 70 ಯುನಿಟ್. ಮೊದಲನೆಯದನ್ನು ಕೊಂಡರೆ ಒಟ್ಟು 220, ಎರಡನೆಯದಕ್ಕೆ 182. ಯುನಿಟ್ಟಿಗೆ ಅಂದಾಜು 6 ರೂಪಾಯಿ ಹಿಡಿಯಿರಿ. 220 ಬಂದ ಮನೆಗೆ ಪೂರ್ತಿ ಬಿಲ್, ಅಂದರೆ 1,320, ಮೇಲೆ ನಿಗದಿತ ಶುಲ್ಕ. 182 ಬಂದ ಮನೆಯವರಿಗೆ 77 ಯುನಿಟ್ (70ಕ್ಕೆ ಶೇ. 10 ಸೇರಿಸಿ) ಉಚಿತ ಇದ್ದರೆ 105 ಯುನಿಟ್ಟಿಗೆ ಮಾತ್ರ, ಅಂದರೆ 630. ಎರಡು ಏಸಿಗಳ ನಡುವೆ ಇರುವುದು 38 ಯುನಿಟ್, ಬಿಲ್ಲಿನಲ್ಲಿ ಬಿದ್ದ ವ್ಯತ್ಯಾಸ ಅದರ ಮೂರು ಪಟ್ಟು.

ಈ ಲೆಕ್ಕವನ್ನು ಗಿರಾಕಿಯ ಬಿಲ್ಲಿನ ಹಿಂದೆಯೇ ಪೆನ್ನಿನಲ್ಲಿ ಬರೆದು ತೋರಿಸಿ. ಕ್ಯಾಲ್ಕುಲೇಟರ್ ಅವರ ಕೈಗೆ ಕೊಡಿ. ದುಬಾರಿ ಏಸಿ ಮಾರಲು ಇದಕ್ಕಿಂತ ಗಟ್ಟಿ ಮಾತು ನಿಮಗೆ ಸಿಗಲ್ಲ, ಸುಳ್ಳೂ ಅಲ್ಲ. ಹಾಗಂತ ಎಲ್ಲರಿಗೂ ಇದು ಹೊಂದಲ್ಲ. ಮನೆಯಲ್ಲಿ ಮೊದಲೇ 150 ಯುನಿಟ್ ಓಡುತ್ತಿದ್ದರೆ ಯಾವ ಏಸಿ ಹಾಕಿದರೂ ಬೇಸಿಗೆಯಲ್ಲಿ 200 ದಾಟುತ್ತದೆ. ಅದನ್ನು ಮುಚ್ಚಿಟ್ಟು ಮಾರಿದರೆ ಮೇ ತಿಂಗಳ ಬಿಲ್ ಹಿಡಿದು ಅಂಗಡಿಗೆ ಬರುತ್ತಾರೆ. ಇಷ್ಟೆಲ್ಲ ಆದ ಮೇಲೆ ರಿಮೋಟಿನಲ್ಲಿ 18 ಒತ್ತಿದರೆ ನಮ್ಮ ಲೆಕ್ಕ ಹಾಳು. 2020ರ ಜನವರಿಯಿಂದ ಏಸಿಗಳು 24ಕ್ಕೆ ಸೆಟ್ ಆಗಿಯೇ ಬರುತ್ತವೆ, ಅಲ್ಲೇ ಇರಲಿ ಅನ್ನಿ. ಮತ್ತೆ, ಸ್ಟಾರ್ ಎಣಿಸಬೇಡಿ, ಯುನಿಟ್ ನೋಡಿ. ಸ್ಟಾರಿನ ಅಳತೆ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತದೆ. ಹಳೇ ಸ್ಟಾಕಿನ ಐದು ಸ್ಟಾರೂ ಹೊಸ ಐದು ಸ್ಟಾರೂ ಒಂದೇ ಅಲ್ಲ.

ಕಂಪನಿಯ ಕ್ಯಾಶ್‌ಬ್ಯಾಕ್, ಬ್ಯಾಂಕ್ ಕಾರ್ಡಿನ ಆಫರ್, ಇಎಂಐ ಇವೆಲ್ಲ ಇದ್ದದ್ದೇ. ಕ್ಯಾಶ್‌ಬ್ಯಾಕ್ ಯಾವ ತಾರೀಖಿಗೆ ಬರುತ್ತದೆ, ಯಾವ ಕಾರ್ಡಿಗೆ ಬರಲ್ಲ ಎಂಬುದನ್ನು ಬಿಲ್ಲಿನ ಮೇಲೆ ಬರೆಯಿರಿ, ಸಾಕು.

ಅಂಗಡಿಯಿಂದ ನೀವೇ ಏನಾದರೂ ಬಿಡಬೇಕು ಅಂತಿದ್ದರೆ ದುಡ್ಡು ಬಿಡಬೇಡಿ, ಕೆಲಸ ಕೊಡಿ. ಕಾರವಾರದ ಉಪ್ಪುಗಾಳಿಗೆ ಔಟ್‌ಡೋರ್ ಯುನಿಟ್ ಹೇಗೆ ತುಕ್ಕು ಹಿಡಿಯುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಮುದ್ರದ ಕಡೆಗೆ ಮುಖ ಮಾಡಿ ಕೂರಿಸಿದ ಯುನಿಟ್ಟಿನ ಅಲ್ಯೂಮಿನಿಯಂ ಫಿನ್‌ಗಳು ಬೆರಳು ಒತ್ತಿದರೆ ಪುಡಿ ಉದುರುವ ಹಾಗೆ ಆಗುತ್ತವೆ. ಫಿನ್ ಹಾಳಾದರೆ ಶಾಖ ಹೊರಗೆ ಹೋಗಲ್ಲ, ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ. ಆಗ ಲೇಬಲ್ಲಿನ 750 ಯುನಿಟ್ ಲೇಬಲ್ಲಿನಲ್ಲೇ ಉಳಿಯುತ್ತದೆ. ಅದಕ್ಕೇ 1,500 ರೂಪಾಯಿ ಡಿಸ್ಕೌಂಟ್ ಬದಲು ಎರಡು ವರ್ಷ, ಮಳೆಗಾಲದ ಮೊದಲೊಮ್ಮೆ ಆಮೇಲೊಮ್ಮೆ, ಔಟ್‌ಡೋರ್ ಯುನಿಟ್ಟನ್ನು ಸಿಹಿನೀರಿನಲ್ಲಿ ತೊಳೆದುಕೊಡುತ್ತೇವೆ ಅನ್ನಿ. ಹುಡುಗರಿಗೆ ಸೀಸನ್ ಇಲ್ಲದ ಹೊತ್ತಿನಲ್ಲಿ ಕೆಲಸ ಸಿಗುತ್ತದೆ, ನಿಮಗೆ ಆ ಮನೆಯ ಒಳಗೆ ಕಾಲಿಡಲು ಕಾರಣ ಸಿಗುತ್ತದೆ. ಎರಡನೇ ಏಸಿಯ ಆರ್ಡರ್ ಬರುವುದು ಅಂಥ ಭೇಟಿಯಲ್ಲೇ. ಚಿಲ್ಲರೆ ಡಿಸ್ಕೌಂಟನ್ನು ಗಿರಾಕಿ ಮನೆ ಮುಟ್ಟುವುದರೊಳಗೆ ಮರೆತಿರುತ್ತಾರೆ.

ಭಾವನಿಗೆ ಹೇಳಬೇಕಾದ್ದು ಬೇರೆ. ಶಿರಸಿ, ಸಿದ್ದಾಪುರ ಕಡೆ ತೋಟದ ಮನೆಯಲ್ಲಿ ಬಚ್ಚಲ ಒಲೆ ಇದೆ, ಹಂಡೆ ಇದೆ, ಒಲೆಗೆ ಹಾಕಲು ಅಡಿಕೆ ಸಿಪ್ಪೆ, ತೆಂಗಿನ ಮಡಲು ಪುಕ್ಕಟೆ ಇದೆ. ಅಲ್ಲಿಗೆ ಹೋಗಿ ಉಳಿತಾಯದ ಲೆಕ್ಕ ಹೇಳಿದರೆ ಯಾರೂ ಕೇಳಲ್ಲ. ಅವರು ಕೊಳ್ಳುವುದಿದ್ದರೆ ವಯಸ್ಸಾದ ಅಮ್ಮ ಬೆಳಿಗ್ಗೆ ಹೊಗೆ ಕುಡಿಯಬಾರದು ಅಂತ ಕೊಳ್ಳುತ್ತಾರೆ. ಉಳಿತಾಯದ ಲೆಕ್ಕ ನಡೆಯುವುದು ಪೇಟೆಯ ಮನೆಗಳಲ್ಲಿ, ಗೀಸರ್ ಇರುವಲ್ಲಿ.

ಸೋಲಾರ್ ಹೀಟರಿನ ದೊಡ್ಡ ತೊಡಕು ಮಲೆನಾಡಿನ ಮಳೆಗಾಲ. ಬಿಸಿನೀರು ಬೇಕೇ ಬೇಕು ಅನ್ನಿಸುವ ತಿಂಗಳುಗಳಲ್ಲೇ ಬಿಸಿಲಿಲ್ಲ, ಕಾಯಿಲ್ ಹಾಕಿ ಕರೆಂಟಿನಲ್ಲೇ ಕಾಯಿಸಬೇಕು. ಅದಕ್ಕೇ ನೀವಿಬ್ಬರೂ ಸೇರಿ ಹೀಟ್ ಪಂಪ್ ವಾಟರ್ ಹೀಟರ್ ಕಡೆ ಗಮನ ಕೊಡಿ ಅಂತ ನನ್ನ ಸಲಹೆ. ಏಸಿಯನ್ನೇ ತಿರುಗಿಸಿಟ್ಟ ಹಾಗಿನ ಮಶೀನು ಅದು. ಹೊರಗಿನ ಗಾಳಿಯ ಶಾಖ ತೆಗೆದು ನೀರಿಗೆ ಕೊಡುತ್ತದೆ, ಬಿಸಿಲು ಬೇಡ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 50ಕ್ಕೆ ಏರಿಸಲು ಗೀಸರಿಗೆ ಸುಮಾರು 3 ಯುನಿಟ್ ಬೇಕು. ಹೀಟ್ ಪಂಪಿಗೆ ಹೆಚ್ಚುಕಡಿಮೆ ಒಂದೇ ಯುನಿಟ್. ದಿನಕ್ಕೆ 2 ಯುನಿಟ್ ಉಳಿದರೆ ತಿಂಗಳಿಗೆ 60, ಅದೇ 200ರ ಗೆರೆಯ ಲೆಕ್ಕಕ್ಕೆ ಮತ್ತೆ ಬಂದೆವು ನೋಡಿ. ಗಾಳಿ ಬೆಚ್ಚಗಿದ್ದಷ್ಟೂ ಇದಕ್ಕೆ ಒಳ್ಳೆಯದು. ಕಾರವಾರ, ಕುಮಟಾ, ಹೊನ್ನಾವರದಲ್ಲಿ ಜುಲೈ ಮಳೆಯಲ್ಲೂ ಗಾಳಿ ಬೆಚ್ಚಗೇ ಇರುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ವಲ್ಪ ಸೊರಗುತ್ತದೆ, ಮಧ್ಯಾಹ್ನ ಓಡುವ ಹಾಗೆ ಟೈಮರ್ ಇಟ್ಟರೆ ಆಯಿತು. ಬೆಲೆ ಗೀಸರಿಗಿಂತ ಎಷ್ಟೋ ಜಾಸ್ತಿ, ಸೂರ್ಯಘರ್‌ನಂಥ ಸಬ್ಸಿಡಿಯೂ ಇಲ್ಲ. ನಾಲ್ಕೈದು ಜನ ಸ್ನಾನ ಮಾಡುವ ಮನೆಗೆ ಹೊಂದುತ್ತದೆ, ಇಬ್ಬರೇ ಇರುವಲ್ಲಿಗೆ ಹೇಳಬೇಡಿ. ಗ್ಯಾಸು, ಕಂಪ್ರೆಸರ್ ಎಲ್ಲ ನಿಮ್ಮ ಹುಡುಗರಿಗೆ ಗೊತ್ತಿರುವ ಕೆಲಸವೇ. ಆ ಕಾರಣಕ್ಕೆ ಸರ್ವೀಸು ಬೇರೆ ಅಂಗಡಿಯವರಿಗಿಂತ ನಿಮಗೆ ಸುಲಭ.

ಸಮಯದ ಬಗ್ಗೆ ಒಂದು ಮಾತು. ಏಸಿಗೆ ನೂಕುನುಗ್ಗಲು ಮಾರ್ಚ್‌ನಿಂದ ಮೇವರೆಗೆ. ಆಗ ಕಾಗದಪತ್ರ ಹಿಡಿದು ಓಡಾಡಲು ನಿಮಗೆ ಪುರುಸೊತ್ತಿಲ್ಲ, ಹೆಸ್ಕಾಂನವರಿಗೂ ಇಲ್ಲ. ಚೌತಿ ಮುಗಿದು ಮಳೆ ಕಡಿಮೆಯಾದ ಮೇಲೆ ಸೋಲಾರ್ ಅರ್ಜಿ ಶುರು ಮಾಡಿ. ಹೆಸರು ಬದಲಾವಣೆ, ಅರ್ಜಿ, ಫಿಟ್ಟಿಂಗ್, ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಯುನಿಟ್ ಎರಡನ್ನೂ ಎಣಿಸುವ ಮೀಟರ್) ಎಲ್ಲ ಮುಗಿದು ಫೆಬ್ರವರಿಗೆ ಪ್ಲಾಂಟ್ ಓಡುತ್ತಿರಲಿ. ಸೆಕೆ ಶುರುವಾಗುವ ಹೊತ್ತಿಗೆ ಸಬ್ಸಿಡಿಯೂ ಖಾತೆಗೆ ಬಿದ್ದಿದ್ದರೆ ಏಸಿಯ ಮಾತು ಗಿರಾಕಿಯೇ ಎತ್ತುತ್ತಾರೆ.

ಕೊನೆಗೆ ಗೋಕರ್ಣ, ಮುರ್ಡೇಶ್ವರದ ಹೋಮ್‌ಸ್ಟೇಗಳು. ನಿಮ್ಮ ದೊಡ್ಡ ಆರ್ಡರ್ ಬರುವುದು ಅಲ್ಲಿಂದಲೇ ಇರಬೇಕು. ಅವರಲ್ಲಿ ಮೀಟರ್ ಕಮರ್ಷಿಯಲ್ ಇದ್ದರೆ ಸೂರ್ಯಘರ್ ಸಬ್ಸಿಡಿ ಇಲ್ಲ. ಅದು ವಾಸದ ಮನೆಗೆ ಮಾತ್ರ. ಮನೆಯ ಮೀಟರಿನಲ್ಲೇ ರೂಮ್ ಬಾಡಿಗೆಗೆ ಬಿಡುವವರೂ ಇದ್ದಾರೆ. ಅವರಿಗೆ ಸಬ್ಸಿಡಿ ಕೊಡಿಸಲು ಹೋಗಿ ನೀವು ಸಿಕ್ಕಿಹಾಕಿಕೊಳ್ಳಬೇಡಿ. ಬಿಸಿನೆಸ್ ಅಂತ ಲೆಕ್ಕ ಇಡುವವರಿಗೆ ಬೇರೆ ದಾರಿ ಇದೆ. ಸೋಲಾರ್ ಪ್ಲಾಂಟಿನ ಮೇಲೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 40ರಂತೆ ಡಿಪ್ರಿಸಿಯೇಷನ್, ಅಂದರೆ ಸವಕಳಿ ಖರ್ಚು, ತೋರಿಸಬಹುದು. ಜಿಎಸ್‌ಟಿಯಲ್ಲಿ ನೋಂದಣಿ ಆಗಿದ್ದರೆ ಏಸಿಗೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುತ್ತದಾ ಎಂಬುದು ಅವರು ಯಾವ ದರದಲ್ಲಿ ರೂಮಿನ ತೆರಿಗೆ ಕಟ್ಟುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ. ಅಲ್ಲಿ ಮಾತಾಡಬೇಕಾದ್ದು ಮಾಲೀಕರ ಹತ್ತಿರ ಅಲ್ಲ, ಅವರ ಆಡಿಟರ್ ಹತ್ತಿರ. ಕೊಟೇಶನ್ ಕಳಿಸುವ ಮೊದಲು ಆಡಿಟರ್ ನಂಬರ್ ಕೇಳಿ ಇಟ್ಟುಕೊಳ್ಳಿ.